ಮಕ್ಕಳ ಅಸ್ತಮಾ ಮತ್ತು ಫೋನಿನ ಆ್ಯಪ್: ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳಿಗೆ ಇನ್‌ಹೇಲರ್ ಹಿಡಿಯುವುದನ್ನು ಹೇಳಿಕೊಡುವ ಕೆಲಸ ನನ್ನದು. ಕ್ಲಿನಿಕ್ಕಿನ ಬೆಂಚಿನ ಮೇಲೆ, ವಾಟ್ಸ್ಆ್ಯಪ್‌ನಲ್ಲಿ, ಅಪರೂಪಕ್ಕೆ ಕಾಗದದಲ್ಲಿ ಬಂದ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತೊಡಕಿನದು ಆಮೇಲೆ. ಎಲ್ಲವನ್ನೂ ಓದಬೇಕಿಲ್ಲ, ನಿಮ್ಮದನ್ನು ಹುಡುಕಿಕೊಳ್ಳಿ. ಡೋಸ್ ಎಷ್ಟು ಅನ್ನುವುದಕ್ಕೆ ಮಾತ್ರ ಇಲ್ಲಿ ಉತ್ತರ ಸಿಗುವುದಿಲ್ಲ, ಅದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಈಗಲೇ ಮಗು ಉಸಿರಿಗೆ ಒದ್ದಾಡುತ್ತಿದ್ದರೆ ಓದುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

## ಶುರು ಮಾಡುವ ಮುಂಚೆ

"ಆ್ಯಪ್ ಹಾಕ್ಕೊಂಡ್ರೆ ಮಗೂ ಉಬ್ಬಸ ಕಮ್ಮಿ ಆಗುತ್ತಾ?"

ಬರೀ ಆ್ಯಪ್‌ನಿಂದ ಆಗುವುದಿಲ್ಲ. ಉಬ್ಬಸ ಹತೋಟಿಗೆ ಬರುವುದು ಔಷಧದಿಂದ, ಅದರಲ್ಲೂ ಡಾಕ್ಟರು ದಿನಾ ತಗೊಳ್ಳಿ ಅಂದಿರುವ ಪ್ರಿವೆಂಟರ್ ಇನ್‌ಹೇಲರ್‌ನಿಂದ. ಆ್ಯಪ್ ಮಾಡುವುದು ಎರಡು ಕೆಲಸ. ತಗೊಳ್ಳುವುದನ್ನು ನೆನಪಿಸುತ್ತದೆ, ಆದದ್ದನ್ನು ಬರೆದಿಟ್ಟುಕೊಳ್ಳುತ್ತದೆ.

ನೆನಪಿಸುವುದೇನು ಸಣ್ಣ ಕೆಲಸವಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ 6ರಿಂದ 15 ವರ್ಷದ 220 ಮಕ್ಕಳ ಇನ್‌ಹೇಲರ್‌ಗೆ ಪಫ್ ಎಣಿಸುವ ಸಾಧನ ಹಾಕಿ ನೋಡಿದರು. ಅದರ ವರದಿ 2015ರಲ್ಲಿ ಬಂತು. ಅರ್ಧ ಮಕ್ಕಳ ಸಾಧನ ಹೊತ್ತಿಗೆ ಸರಿಯಾಗಿ ಸದ್ದು ಮಾಡಿ ಕರೆಯುತ್ತಿತ್ತು, ಉಳಿದವರದು ಸುಮ್ನೆ ಎಣಿಸುತ್ತಿತ್ತು. ಸದ್ದು ಮಾಡಿದ ಗುಂಪು ಶೇ. 84ರಷ್ಟು ಡೋಸ್ ತಗೊಂಡಿತ್ತು. ಇನ್ನೊಂದು ಗುಂಪು ಶೇ. 30. ಆದರೆ ಶಾಲೆ ತಪ್ಪಿದ ದಿನಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನೂ ನೆನಪಿಟ್ಟುಕೊಳ್ಳಿ, ಆ್ಯಪ್ ಮಾರುವವರು ಮೊದಲಿನ ಅರ್ಧ ಮಾತ್ರ ಹೇಳುತ್ತಾರೆ.

ಬರೆದಿಡುವ ಕೆಲಸದ ಬೆಲೆ ಗೊತ್ತಾಗುವುದು ಡಾಕ್ಟರ ಮುಂದೆ. "ಹೇಗಿದಾನೆ?" ಅಂದ ಕೂಡಲೇ "ಪರವಾಗಿಲ್ಲ" ಅನ್ನುತ್ತೇವೆ. ಮೂರು ವಾರದ ಹಿಂದೆ ಎರಡು ರಾತ್ರಿ ನಿದ್ದೆಗೆಟ್ಟಿದ್ದು ಆ ಹೊತ್ತಿಗೆ ಯಾರಿಗೆ ನೆನಪಿರುತ್ತದೆ? ಬರೆದಿಟ್ಟಿದ್ದರೆ ಡಾಕ್ಟರ ನಿರ್ಧಾರವೇ ಬೇರೆ ಆಗಬಹುದು.

"ಪಾಪುಗೆ ಮೂರು ವರ್ಷ. ಡಾಕ್ಟ್ರು ಅಸ್ತಮಾ ಅಂತ ಹೇಳೇ ಇಲ್ಲ, ವೀಜಿಂಗ್ ಅಂತಾರೆ. ಈಗ್ಲೇ ಆ್ಯಪ್ ಬೇಕಾ?"

ಆ್ಯಪ್ ಬೇಡ, ಕ್ಯಾಮೆರಾ ಸಾಕು. ಐದು ವರ್ಷದೊಳಗೆ ಅಸ್ತಮಾ ಅಂತ ಗಟ್ಟಿಯಾಗಿ ಹೇಳುವುದು ಕಷ್ಟ. ನೆಗಡಿ ಬಂದಾಗ ಮಾತ್ರ ಎದೆ ಸುಯ್ ಅನ್ನುವ ಮಕ್ಕಳು ಬೇಕಾದಷ್ಟು ಇದ್ದಾರೆ, ಎಲ್ಲರಿಗೂ ಮುಂದೆ ಅಸ್ತಮಾ ಆಗುವುದಿಲ್ಲ. ರಾತ್ರಿ ಎರಡಕ್ಕೆ ಇದ್ದ ಸದ್ದು ಬೆಳಿಗ್ಗೆ ಹತ್ತಕ್ಕೆ ಕ್ಲಿನಿಕ್ಕಿಗೆ ಬರುವಷ್ಟರಲ್ಲಿ ಮಾಯವಾಗಿರುತ್ತದೆ, ಅಲ್ವಾ? ಅದಕ್ಕೇ ವಿಡಿಯೊ ಮಾಡಿ. ಅಂಗಿ ತೆಗೆಯಿರಿ, ಲೈಟು ಹಾಕಿ, ಟಿವಿ ಫ್ಯಾನು ಆರಿಸಿ. ಎದೆ ಮತ್ತು ಹೊಟ್ಟೆ ಎರಡೂ ಕಾಣುವ ಹಾಗೆ ಒಂದು ನಿಮಿಷ ಹಿಡಿಯಿರಿ. ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಎಳೆಯುತ್ತಿದೆಯಾ ಅನ್ನುವುದು ಅದರಲ್ಲಿ ಕಾಣುತ್ತದೆ, ಸದ್ದೂ ಕೇಳುತ್ತದೆ.

ಉಸಿರನ್ನೂ ಎಣಿಸಿ. ಫೋನಿನ ಟೈಮರ್ ಒಂದು ನಿಮಿಷಕ್ಕಿಟ್ಟು, ಮಗು ಅಳದೆ ಇರುವಾಗ ಹೊಟ್ಟೆ ಎಷ್ಟು ಸಲ ಏರಿತು ಅಂತ ಲೆಕ್ಕ ಹಾಕಿ. ಒಂದರಿಂದ ಐದು ವರ್ಷದ ಮಗುವಿಗೆ ನಿಮಿಷಕ್ಕೆ 40 ಅಥವಾ ಜಾಸ್ತಿ ಆದರೆ ಅದು ವೇಗದ ಉಸಿರು. ಆಶಾ ಕಾರ್ಯಕರ್ತೆಯರು ಎಣಿಸುವುದೂ ಹೀಗೇ.

"ಆ್ಯಪ್‌ನಲ್ಲಿ ಇಪ್ಪತ್ತು ಕಾಲಂ ಇದೆ. ದಿನಾ ಎಲ್ಲಾ ತುಂಬಬೇಕಾ?"

ಬೇಡವೇ ಬೇಡ. ಇಪ್ಪತ್ತು ತುಂಬಲು ಹೊರಟವರು ಎರಡನೇ ವಾರಕ್ಕೆ ಒಂದೂ ತುಂಬುವುದಿಲ್ಲ. ಮೂರು ಸಾಕು: ರಾತ್ರಿ ಕೆಮ್ಮಿನಿಂದಲೋ ಉಬ್ಬಸದಿಂದಲೋ ಎದ್ದಿತಾ, ನೀಲಿ ಇನ್‌ಹೇಲರ್ (ಉಬ್ಬಸ ಬಂದಾಗ ತಕ್ಷಣಕ್ಕೆ ತಗೊಳ್ಳುವುದು) ಎಷ್ಟು ಸಲ ಬೇಕಾಯಿತು, ಆಟ ಅರ್ಧಕ್ಕೆ ನಿಲ್ಲಿಸಿತಾ. ಪ್ರಿವೆಂಟರ್ ತಗೊಂಡಿದ್ದಕ್ಕೆ ಒಂದು ಟಿಕ್ ಹಾಕಿ.

ಸುಮ್ನೆ ಆರಿಸಿದ ಮೂರಲ್ಲ ಇವು. ಅಸ್ತಮಾ ಚಿಕಿತ್ಸೆಯ ದಾರಿ ಹಾಕಿಕೊಡುವ ಜಿನಾ ಅನ್ನುವ ಅಂತಾರಾಷ್ಟ್ರೀಯ ಸಂಸ್ಥೆ ಇದೆ. ಆರು ವರ್ಷ ಮೇಲಿನವರಿಗೆ ಅದರ ಪ್ರಶ್ನೆ ನಾಲ್ಕೇ. ಕಳೆದ ನಾಲ್ಕು ವಾರದಲ್ಲಿ ಹಗಲು ತೊಂದರೆ ವಾರಕ್ಕೆ ಎರಡಕ್ಕಿಂತ ಜಾಸ್ತಿ ಸಲ ಬಂತಾ? ರಾತ್ರಿ ಒಂದು ಸಲವಾದರೂ ಎಬ್ಬಿಸಿತಾ? ನೀಲಿ ಇನ್‌ಹೇಲರ್ ವಾರಕ್ಕೆ ಎರಡಕ್ಕಿಂತ ಜಾಸ್ತಿ ಸಲ ಬೇಕಾಯಿತಾ? ಆಟ ಓಟಕ್ಕೆ ಅಡ್ಡಿಯಾಯಿತಾ? ಒಂದಕ್ಕೂ ಹೌದು ಇಲ್ಲದಿದ್ದರೆ ಹತೋಟಿ ಚೆನ್ನಾಗಿದೆ. ಒಂದೆರಡು ಹೌದು ಇದ್ದರೆ ಅರೆಬರೆ. ಮೂರು ನಾಲ್ಕು ಇದ್ದರೆ ಹತೋಟಿ ತಪ್ಪಿದೆ. ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ವಾರಕ್ಕೆ ಒಂದಕ್ಕಿಂತ ಜಾಸ್ತಿ ಸಲ ಅಂತ ಲೆಕ್ಕ.

"ಕನ್ನಡದಲ್ಲಿ ಒಳ್ಳೆ ಆ್ಯಪ್ ಯಾವ್ದು? ಹೆಸ್ರು ಹೇಳಿ ಸಾಕು"

ಹೆಸರು ಹೇಳುವುದಿಲ್ಲ. ಕಾರಣ ಇದೆ. ಇವತ್ತು ಅಂಗಡಿಯಲ್ಲಿರುವ ಆ್ಯಪ್ ಬರುವ ವರ್ಷ ಇರುತ್ತದೆ ಅಂತ ಖಾತ್ರಿ ಇಲ್ಲ, ಇದ್ದರೂ ಹೊಸ ಫೋನಿಗೆ ಹೊಂದುವುದಿಲ್ಲ. ಒಳ್ಳೆಯದನ್ನು ಗುರುತಿಸುವುದು ಹೇಗೆ ಅಂತ ಹೇಳುತ್ತೇನೆ. ಬರೆದದ್ದನ್ನು ಪಿಡಿಎಫ್ ಮಾಡಿ ಹೊರಗೆ ಕಳಿಸಲು ಬರಬೇಕು. ಕೊನೆಯ ಅಪ್‌ಡೇಟ್ ಇತ್ತೀಚಿನದಾಗಿರಬೇಕು. ನೆಟ್ ಇಲ್ಲದಿದ್ದರೂ ತೆರೆಯಬೇಕು, ಮಲೆನಾಡಿನಲ್ಲಿ ಮಳೆಗಾಲಕ್ಕೆ ಇದು ಬೇಕೇ ಬೇಕು. ಮಾಡಿದವರು ಯಾರು ಅಂತ ಸ್ಪಷ್ಟವಾಗಿ ಬರೆದಿರಬೇಕು. ಔಷಧ ಕಂಪನಿಯದಾದರೆ ಬಳಸಬಾರದು ಅಂತಲ್ಲ, ಆದರೆ ಅದು ಯಾವ ಇನ್‌ಹೇಲರ್ ಕಡೆ ಕೈ ತೋರಿಸುತ್ತದೆ ಅನ್ನುವ ಎಚ್ಚರ ಇರಲಿ. "ಅಸ್ತಮಾ ಬುಡದಿಂದ ಗುಣ" ಅಂತ ಬರೆದಿದ್ದರೆ ಅಲ್ಲೇ ಅಳಿಸಿ ಹಾಕಿ.

ಇಂಗ್ಲಿಷ್ ಬೇಡ ಅನ್ನುವವರಿಗೆ ನಾನು ಹೇಳುವುದು ವಾಟ್ಸ್ಆ್ಯಪ್. ಮಗುವಿನ ಹೆಸರಲ್ಲಿ ಒಂದು ಗ್ರೂಪ್ ಮಾಡಿ, ಅದರಲ್ಲಿ ಅಪ್ಪ, ಅಮ್ಮ, ಅಜ್ಜಿ ಮೂರೇ ಜನ. "ರಾತ್ರಿ ಎದ್ದ, ನೀಲಿ 2" ಅಂತ ಹಾಕಿದರೆ ಆಯಿತು. ತಾರೀಕು, ಹೊತ್ತು ತಾನಾಗಿ ಬೀಳುತ್ತದೆ. ಓದಲು ಬಾರದ ಅಜ್ಜಿಯೂ ವಾಯ್ಸ್ ಮೆಸೇಜ್ ಹಾಕಬಹುದು. ಹಗಲೆಲ್ಲಾ ಮಗು ಅವರ ಹತ್ತಿರವೇ ಇರುವ ಮನೆಗಳಲ್ಲಿ ಈ ಗ್ರೂಪ್ ಯಾವ ಆ್ಯಪ್‌ಗಿಂತಲೂ ಚೆನ್ನಾಗಿ ನಡೆಯುವುದನ್ನು ನೋಡಿದ್ದೇನೆ.

"ನಮ್ಮದು ಕೀಪ್ಯಾಡ್ ಫೋನು. ಏನು ಮಾಡೋದು?"

ಗೋಡೆಯ ಕ್ಯಾಲೆಂಡರ್. ಪ್ರಿವೆಂಟರ್ ತಗೊಂಡ ದಿನಕ್ಕೆ ಗೆರೆ, ನೀಲಿ ಬೇಕಾದ ದಿನಕ್ಕೆ ಸೊನ್ನೆ, ರಾತ್ರಿ ಎದ್ದರೆ ಸೊನ್ನೆಯೊಳಗೆ ಚುಕ್ಕಿ. ತಿಂಗಳ ಹಾಳೆ ಹರಿದು ಡಾಕ್ಟರಿಗೆ ತೋರಿಸಿ. ಅಲಾರಂ ನಿಮ್ಮ ಫೋನಿನಲ್ಲೂ ಇದೆ.

## ದಿನಾ ಬಳಸುವಾಗ

"ಒಂದು ವಾರ ಚೆನ್ನಾಗಿ ಬರೀತೀವಿ, ಆಮೇಲೆ ಮರ್ತೇ ಹೋಗುತ್ತೆ"

ಮೊದಲು ನೋಡಬೇಕಾದ್ದು ಮರೆತದ್ದು ನೀವಾ ಫೋನಾ ಅಂತ. ಎಷ್ಟೋ ಆಂಡ್ರಾಯ್ಡ್ ಫೋನುಗಳು ಚಾರ್ಜ್ ಉಳಿಸಲು ಹಿಂದೆ ಓಡುವ ಆ್ಯಪ್‌ಗಳನ್ನು ಮುಚ್ಚಿಬಿಡುತ್ತವೆ. ಆಗ ರಿಮೈಂಡರ್ ಬರುವುದೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್ ತೆರೆದು ಬ್ಯಾಟರಿ ನಿರ್ಬಂಧ ತೆಗೆಯಿರಿ, ನೋಟಿಫಿಕೇಶನ್ ಅನುಮತಿ ಕೊಡಿ, ಆಟೊಸ್ಟಾರ್ಟ್ ಅಂತ ಇದ್ದರೆ ಆನ್ ಮಾಡಿ. ಇದಾದ ಮೇಲೂ ಬರದಿದ್ದರೆ ಗಡಿಯಾರದ ಅಲಾರಂ ಇಟ್ಟುಕೊಳ್ಳಿ.

ಇನ್ನೊಂದು, ಅಲಾರಂ ಹೊಡೆದಾಗ ಇನ್‌ಹೇಲರ್ ಕೈಗೆ ಸಿಗಬೇಕು. ಬೀರುವಿನೊಳಗೆ ಬೀಗ ಹಾಕಿಟ್ಟರೆ ಹತ್ತು ಆ್ಯಪ್ ಇದ್ದರೂ ಉಪಯೋಗವಿಲ್ಲ. ಹಲ್ಲುಜ್ಜುವ ಬ್ರಷ್ ಪಕ್ಕದಲ್ಲಿಡಿ. ಪ್ರಿವೆಂಟರ್ ತಗೊಂಡ ಮೇಲೆ ಬಾಯಿ ಮುಕ್ಕಳಿಸಲೇಬೇಕು, ಹಲ್ಲುಜ್ಜಿದರೆ ಅದೂ ಮುಗಿಯಿತು. ಅಲಾರಂ ಹೊತ್ತನ್ನೂ ಆ ಗಳಿಗೆಗೇ ಹೊಂದಿಸಿ. ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುವ ಹೊತ್ತಿಗೆ ಇಟ್ಟ ರಿಮೈಂಡರನ್ನು ಯಾರೂ ಪಾಲಿಸುವುದಿಲ್ಲ.

"ಆ್ಯಪ್ ಟೆಸ್ಟ್‌ನಲ್ಲಿ 18 ಬಂತು. ಫೇಲಾ?"

ಅದು ಪರೀಕ್ಷೆಯ ಅಂಕ ಅಲ್ಲ. ಹೆಚ್ಚಿನ ಆ್ಯಪ್‌ಗಳಲ್ಲಿ ಇರುವುದು ಅಸ್ತಮಾ ಕಂಟ್ರೋಲ್ ಟೆಸ್ಟ್. 4ರಿಂದ 11 ವರ್ಷದವರಿಗೆ ಏಳು ಪ್ರಶ್ನೆ, ಗರಿಷ್ಠ 27. 12 ವರ್ಷ ದಾಟಿದವರಿಗೆ ಐದು ಪ್ರಶ್ನೆ, ಗರಿಷ್ಠ 25. ಎರಡರಲ್ಲೂ 19 ಅಥವಾ ಕಮ್ಮಿ ಬಂದರೆ ಹತೋಟಿ ಸಾಲದು ಅಂತ. ಡಾಕ್ಟರನ್ನು ನೋಡುವ ಹೊತ್ತಾಗಿದೆ, ಅಷ್ಟೇ. ಮಗುವಿಗೆ ಬೈಯಬೇಡಿ. ಬೈದರೆ ಮುಂದಿನ ತಿಂಗಳು 25 ಬರುತ್ತದೆ, ಉಬ್ಬಸ ಇದ್ದಲ್ಲೇ ಇರುತ್ತದೆ.

ಚಿಕ್ಕವರ ಏಳು ಪ್ರಶ್ನೆಯಲ್ಲಿ ಮೊದಲ ನಾಲ್ಕು ಮಗುವೇ ಉತ್ತರಿಸಬೇಕಾದ್ದು, ಕೊನೆಯ ಮೂರು ಮನೆಯವರದು. ಅವಸರಕ್ಕೆ ಏಳನ್ನೂ ಅಮ್ಮನೇ ಒತ್ತಿಬಿಡುವುದುಂಟು. ಮಗುವಿಗೆ ಓದಿ ಹೇಳಿ, ಮುಖದ ಚಿತ್ರ ತೋರಿಸಿ, ಅದು ಬೆರಳಿಟ್ಟದ್ದನ್ನೇ ಒತ್ತಿ. ಟೆಸ್ಟ್ ಕೇಳುವುದು ಹೆಚ್ಚಾಗಿ ಕಳೆದ ನಾಲ್ಕು ವಾರದ ಬಗ್ಗೆ, ಆದ್ದರಿಂದ ತಿಂಗಳಿಗೊಮ್ಮೆ ಮಾಡಿದರೆ ಸಾಕು.

"ಪೀಕ್ ಫ್ಲೋ ರೀಡಿಂಗ್ ಹಾಕಿ ಅಂತ ಕೇಳ್ತಾನೇ ಇರುತ್ತೆ. ಮೀಟರ್ ತಗೋಬೇಕಾ?"

ಪೀಕ್ ಫ್ಲೋ ಅಂದರೆ ಮಗು ಎಷ್ಟು ಜೋರಾಗಿ ಉಸಿರು ಹೊರಗೆ ಬಿಡಬಲ್ಲದು ಅನ್ನುವ ಅಳತೆ, ಊದಿ ನೋಡುವ ಮೀಟರ್ ಅದಕ್ಕೆ. ಎಲ್ಲರಿಗೂ ಬೇಕಿಲ್ಲ. ಐದಾರು ವರ್ಷಕ್ಕಿಂತ ಚಿಕ್ಕವರಿಗೆ ಸರಿಯಾಗಿ ಊದಲು ಬರುವುದಿಲ್ಲ. ಆಗಾಗ ಜೋರಾಗಿ ಕೆಡುವ ಮಕ್ಕಳಿಗೆ, ಮೈಯೊಳಗೆ ಕೆಡುತ್ತಿರುವುದು ತಮಗೇ ಗೊತ್ತಾಗದ ಮಕ್ಕಳಿಗೆ ಇದು ನಿಜಕ್ಕೂ ಉಪಯೋಗ. ಡಾಕ್ಟರನ್ನು ಕೇಳಿ ತಗೊಳ್ಳಿ.

ತಗೊಂಡರೆ ಊದುವುದನ್ನು ಕಲಿಸಿ. ಮುಳ್ಳು ಸೊನ್ನೆಗೆ ತರಬೇಕು. ಎದ್ದು ನಿಲ್ಲಬೇಕು. ಎದೆ ತುಂಬ ಉಸಿರೆಳೆದು, ತುಟಿ ಬಿಗಿಯಾಗಿ ಮುಚ್ಚಿ, ಒಂದೇ ಸಲ ಜೋರಾಗಿ ಬಿಡಬೇಕು. ಬೆರಳು ಮುಳ್ಳಿನ ದಾರಿಗೆ ಅಡ್ಡ ಬರಬಾರದು. ಕೆಲವು ಹುಡುಗರು ಉಗುಳುವ ಹಾಗೆ ನಾಲಿಗೆಯಿಂದ ತಳ್ಳುತ್ತಾರೆ, ಮುಳ್ಳು ಮೇಲಕ್ಕೆ ಹಾರುತ್ತದೆ, ಅದು ಸುಳ್ಳು ಲೆಕ್ಕ. ಮೂರು ಸಲ ಊದಿ, ಮೂರರಲ್ಲಿ ಹೆಚ್ಚಿನದನ್ನು ಹಾಕಿ. ಸರಾಸರಿ ಬೇಡ.

ಆ್ಯಪ್ ಬಣ್ಣ ತೋರಿಸುವುದು ಮಗು ಚೆನ್ನಾಗಿದ್ದಾಗ ಬಂದ ಅತಿ ಹೆಚ್ಚಿನ ರೀಡಿಂಗ್‌ಗೆ ಹೋಲಿಸಿ. ಅದು 250 ಅಂದುಕೊಳ್ಳಿ. 200ಕ್ಕಿಂತ ಮೇಲೆ ಹಸಿರು, 125ರಿಂದ 200 ಹಳದಿ, 125ಕ್ಕಿಂತ ಕೆಳಗೆ ಕೆಂಪು. ಇಲ್ಲೊಂದು ಮೋಸ ಇದೆ. ಮಗು ಎತ್ತರವಾದಂತೆ ಆ 250 ಕೂಡ ಏರುತ್ತದೆ, ಆದರೆ ಆ್ಯಪ್‌ಗೆ ಅದು ಗೊತ್ತಿಲ್ಲ. ಎರಡು ವರ್ಷದ ಹಿಂದಿನ ಅಂಕಿ ಹಾಗೇ ಇದ್ದರೆ, ಈಗ 320 ಊದಬೇಕಾದ ಹುಡುಗ 220 ಊದಿದರೂ ಹಸಿರು ಬರುತ್ತದೆ. ನಿಜವಾಗಿ ಅವನು ಹಳದಿಯಲ್ಲಿದ್ದಾನೆ. ಆರು ತಿಂಗಳಿಗೊಮ್ಮೆ, ಮಗು ಆರಾಮಾಗಿರುವ ವಾರಗಳಲ್ಲಿ ಹೊಸದಾಗಿ ಅಳೆದು ಬದಲಿಸಿ.

"ಇನ್‌ಹೇಲರ್ ಖಾಲಿ ಆಗಿದ್ದು ಗೊತ್ತೇ ಆಗಲ್ಲ. ಒತ್ತಿದ್ರೆ ಸುಸ್ ಅನ್ನುತ್ತಲ್ಲ?"

ಔಷಧ ಮುಗಿದ ಮೇಲೂ ಗ್ಯಾಸ್ ಉಳಿದಿರುತ್ತದೆ, ಅದಕ್ಕೇ ಸುಸ್ ಅನ್ನುತ್ತದೆ. ನೀರಲ್ಲಿ ತೇಲಿಸಿ ನೋಡುವ ಉಪಾಯವನ್ನೂ ನಂಬಬೇಡಿ. ಡಬ್ಬಿಯ ಮೇಲೆ 120 ಅಥವಾ 200 ಅಂತ ಪಫ್ ಸಂಖ್ಯೆ ಬರೆದಿರುತ್ತದೆ. ಬೆಳಿಗ್ಗೆ ಎರಡು, ರಾತ್ರಿ ಎರಡು ಅಂದರೆ 120ರದು ಸರಿಯಾಗಿ 30 ದಿನ. ಕೌಂಟರ್ ಇಲ್ಲದ ಇನ್‌ಹೇಲರ್ ಆದರೆ ತೆರೆದ ದಿನ ಆ್ಯಪ್‌ನಲ್ಲಿ ಹಾಕಿ, 25ನೇ ದಿನಕ್ಕೆ ರಿಮೈಂಡರ್ ಇಡಿ. ನೀಲಿ ಇನ್‌ಹೇಲರ್ ಡಬ್ಬಿಗಳನ್ನೂ ಎಣಿಸಿ. 200 ಪಫ್ಫಿನದು ಒಂದೆರಡು ತಿಂಗಳಿಗೇ ಮುಗಿಯುತ್ತಿದ್ದರೆ ಬೇರೆ ಯಾವ ಪ್ರಶ್ನೆಪತ್ರಿಕೆಯೂ ಬೇಡ, ಹತೋಟಿ ಇಲ್ಲ ಅಂತಲೇ ಅರ್ಥ.

"ವಾಚ್‌ನಲ್ಲಿ ಆಕ್ಸಿಜನ್ 97 ಇದೆ, ಆದ್ರೆ ಮಗ ಏದುಸಿರು ಬಿಡ್ತಿದಾನೆ. ಯಾವ್ದನ್ನ ನಂಬಲಿ?"

ಮಗನನ್ನು ನಂಬಿ. ಉಸಿರ್ನಾಳ ಬಿಗಿದಾಗ ಮಗು ಜೋರಾಗಿ ಉಸಿರಾಡಿ ಆಕ್ಸಿಜನ್ ಮಟ್ಟವನ್ನು ಹಿಡಿದಿಟ್ಟುಕೊಂಡಿರುತ್ತದೆ. ಅಂಕಿ ಇಳಿಯುವುದು ಅದು ಸುಸ್ತಾದ ಮೇಲೆ. ಅಲ್ಲದೆ ಕೈಗಡಿಯಾರದ ಆಕ್ಸಿಜನ್ ಲೆಕ್ಕ ಸಾಮಾನ್ಯವಾಗಿ ಚಿಕಿತ್ಸೆಗೆಂದು ಮಾಡಿದ್ದಲ್ಲ, ಸಣ್ಣ ಮಣಿಕಟ್ಟಿಗೆ ಅದು ಸರಿಯಾಗಿ ಕೂರುವುದೂ ಇಲ್ಲ. ಫೋನಿನ ಕ್ಯಾಮೆರಾಗೆ ಬೆರಳಿಟ್ಟರೆ ಆಕ್ಸಿಜನ್ ಹೇಳುತ್ತೇವೆ ಅನ್ನುವ ಆ್ಯಪ್‌ಗಳನ್ನಂತೂ ದೂರ ಇಡಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಪರವಾಗಿಲ್ಲ, 92ಕ್ಕಿಂತ ಕೆಳಗೆ ಬಂದರೆ ತಡ ಮಾಡಬಾರದು. ಆದರೆ 96 ಬಂತು ಅಂತ ಮನೆಯಲ್ಲೇ ಉಳಿಯಬೇಡಿ.

ಪೂರ್ತಿ ವಾಕ್ಯ ಮಾತಾಡಲು ಆಗುತ್ತಿಲ್ಲ, ಪಕ್ಕೆ ಒಳಕ್ಕೆ ಎಳೆಯುತ್ತಿದೆ, ಮೂಗಿನ ಹೊಳ್ಳೆ ಅರಳುತ್ತಿದೆ, ತುಟಿ ನೀಲಿಯಾಗುತ್ತಿದೆ, ಮಂಕಾಗಿದೆ, ನೀಲಿ ಇನ್‌ಹೇಲರ್ ಕೊಟ್ಟರೂ ತಗ್ಗುತ್ತಿಲ್ಲ. ಇವುಗಳಲ್ಲಿ ಯಾವುದು ಕಂಡರೂ ಆಸ್ಪತ್ರೆಗೆ ಹೊರಡಿ, ಗಾಡಿ ಇಲ್ಲದಿದ್ದರೆ 108. ಸುಯ್ ಸದ್ದು ಇದ್ದಕ್ಕಿದ್ದ ಹಾಗೆ ನಿಂತು ಮಗು ಸುಸ್ತಾಗಿ ಕಂಡರೆ ಅದು ಗುಣವಾದ ಲಕ್ಷಣವಲ್ಲ, ಗಾಳಿಯೇ ಓಡಾಡುತ್ತಿಲ್ಲ ಅಂತಿರಬಹುದು. ದಾರಿಯಲ್ಲಿ ಕೂರಿಸಿಕೊಂಡೇ ಹೋಗಿ, ಡಾಕ್ಟರು ಬರೆದುಕೊಟ್ಟಷ್ಟು ನೀಲಿ ಪಫ್ ಸ್ಪೇಸರ್‌ನಲ್ಲಿ (ಇನ್‌ಹೇಲರ್‌ಗೆ ಸಿಕ್ಕಿಸುವ ಕೊಳವೆ) ಕೊಡುತ್ತಿರಿ. ಆ್ಯಪ್ ಆಮೇಲೆ ತುಂಬಬಹುದು.

"ಒಂದು ಆ್ಯಪ್ ಗಾಳಿ 100 ಅನ್ನುತ್ತೆ, ಇನ್ನೊಂದು 150 ಅನ್ನುತ್ತೆ. ಒಂದೇ ಊರು, ಒಂದೇ ಹೊತ್ತು!"

ಎರಡೂ ಸುಳ್ಳಲ್ಲ, ಅಳತೆಗೋಲು ಬೇರೆ. ಗಾಳಿಯಲ್ಲಿ ಪಿಎಂ 2.5 ಅನ್ನುವ ಸಣ್ಣ ದೂಳು ಘನ ಮೀಟರಿಗೆ 60 ಮೈಕ್ರೊಗ್ರಾಂ ಇದ್ದರೆ ಭಾರತದ ಸೂಚ್ಯಂಕದಲ್ಲಿ ಅದು 100, "ತೃಪ್ತಿಕರ" ಅನ್ನುವ ಗುಂಪಿನ ಕೊನೆ. ಅಮೆರಿಕದ ಸೂಚ್ಯಂಕದಲ್ಲಿ ಅದೇ ಗಾಳಿ 150 ದಾಟುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್ ಭಾರತದ ಲೆಕ್ಕ ಕೊಡುತ್ತದೆ, ವಿದೇಶಿ ಆ್ಯಪ್‌ಗಳು ಹೆಚ್ಚಾಗಿ ಅಮೆರಿಕದ್ದು. ಯಾವುದಾದರೂ ಒಂದನ್ನು ಹಿಡಿಯಿರಿ, ಬದಲಿಸಬೇಡಿ. ಅಸ್ತಮಾ ಇರುವ ಮಗುವಿಗೆ ನಮ್ಮ "ತೃಪ್ತಿಕರ"ದಲ್ಲೂ ತೊಂದರೆ ಆಗಬಹುದು, ಆ ಅಂಚು ಎಲ್ಲಿ ಅಂತ ನಿಮ್ಮ ದಾಖಲೆಯೇ ಹೇಳುತ್ತದೆ.

ಹಳ್ಳಿಯವರಿಗೆ ಒಂದು ಮಾತು. ನಿಮ್ಮ ಊರಲ್ಲಿ ಅಳೆಯುವ ಕೇಂದ್ರ ಇಲ್ಲದಿದ್ದರೆ ಆ್ಯಪ್ ತೋರಿಸುವುದು ದೂರದ ಪಟ್ಟಣದ ಗಾಳಿಯನ್ನೋ ಅಂದಾಜನ್ನೋ. ನಿಮ್ಮ ಕಣದಲ್ಲಿ ರಾಗಿ ಬಡಿಯುವ ದೂಳು, ಅಡುಗೆಮನೆಯ ಸೌದೆ ಹೊಗೆ ಅದರಲ್ಲಿ ಬರುವುದಿಲ್ಲ. ಬೆಂಗಳೂರಿನ ಕತೆ ಬೇರೆ. ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ ಇಟ್ಟು, ಅಸ್ತಮಾ ಇರುವವರು 1979ರಲ್ಲಿ ಶೇ. 9 ಇದ್ದದ್ದು 1999ಕ್ಕೆ ಶೇ. 29.5 ಆಯಿತು ಅಂತ ತೋರಿಸಿದ್ದರು. ವಾಹನಗಳು ಏರಿದ ವರ್ಷಗಳೂ ಅವೇ.

"ಬಾಳೆಹಣ್ಣು, ಮೊಸರು ನಿಲ್ಲಿಸಬೇಕಾ? ಯಾವುದ್ರಿಂದ ಬರುತ್ತೆ ಅಂತ ಆ್ಯಪ್ ಕಂಡುಹಿಡಿಯಲ್ವಾ?"

ಆ್ಯಪ್ ಕಂಡುಹಿಡಿಯುವುದಿಲ್ಲ, ನೀವು ಕಂಡುಹಿಡಿಯಲು ನೆರವಾಗುತ್ತದೆ. ಮಕ್ಕಳಲ್ಲಿ ಉಬ್ಬಸ ಕೆದಕುವುದರಲ್ಲಿ ನೆಗಡಿಯ ವೈರಸ್ಸೇ ಮೊದಲು. ಆಮೇಲೆ ದೂಳಿನ ಹುಳ, ಹೊಗೆ, ಪರಾಗ, ತೇವದ ಗೋಡೆಯ ಬೂಷ್ಟು, ತಣ್ಣನೆ ಗಾಳಿ, ಓಟ. ತಿನ್ನುವುದರಿಂದ ಬರೀ ಉಬ್ಬಸ ಬರುವುದು ಕಮ್ಮಿ. ಬಾಳೆಹಣ್ಣನ್ನು ಅನುಮಾನಿಸುವವರಿಗೆ ನಾನು ಹೇಳುವುದಿಷ್ಟೇ: ತಿಂದ ದಿನವೂ ಬರೆಯಿರಿ, ತಿನ್ನದ ದಿನವೂ ಬರೆಯಿರಿ. ಕೆಮ್ಮು ಬಂದ ದಿನ ಮಾತ್ರ "ಬಾಳೆಹಣ್ಣು ತಿಂದಿದ್ದ" ಅಂತ ನೆನಪಾಗುತ್ತದೆ, ತಿಂದು ಆರಾಮಾಗಿದ್ದ ದಿನಗಳು ಲೆಕ್ಕಕ್ಕೇ ಬರುವುದಿಲ್ಲ. ತಿಂಗಳು ಬರೆದ ಮೇಲೆ ಎಷ್ಟೋ ಮನೆಗಳಲ್ಲಿ ಬಾಳೆಹಣ್ಣು ಖುಲಾಸೆಯಾಗಿ ಸಂಜೆಯ ಸಾಂಬ್ರಾಣಿ ಅಥವಾ ಸೊಳ್ಳೆ ಬತ್ತಿ ಸಿಕ್ಕಿಬಿದ್ದಿದೆ.

## ಹದಿಹರೆಯದವರು

"ಮಗಳಿಗೆ 15. ಆ್ಯಪ್‌ನಲ್ಲಿ ದಿನಾ ಹಸಿರು ಟಿಕ್ ಇದೆ. ಆದ್ರೆ ರಾತ್ರಿ ಕೆಮ್ಮು ಕೇಳುತ್ತೆ"

ಡಾಕ್ಟರ ಹತ್ತಿರ ಹೋಗುವ ಹಿಂದಿನ ರಾತ್ರಿ ಕೂತು ಮೂವತ್ತು ಟಿಕ್ ಹಾಕುವುದು ಹೊಸದೇನಲ್ಲ, ಕಾಗದದ ಡೈರಿ ಕಾಲದಿಂದಲೂ ಇದೆ. ಬೈದು ಪ್ರಯೋಜನವಿಲ್ಲ. ಟಿಕ್ ಸುಳ್ಳು ಅಂತ ಹಿಡಿಯುವ ಬದಲು ಯಾಕೆ ಬಿಡುತ್ತಿದ್ದಾಳೆ ಅಂತ ಕೇಳಿ. ಸ್ನೇಹಿತೆಯರ ಮುಂದೆ ನಾಚಿಕೆ, ಬಾಯಿ ರುಚಿ, "ಚೆನ್ನಾಗೇ ಇದೀನಲ್ಲ" ಅನ್ನುವ ಭಾವನೆ, ಪ್ರಿವೆಂಟರ್‌ನಲ್ಲಿರುವ ಸ್ಟೀರಾಯ್ಡ್‌ನಿಂದ ದಪ್ಪ ಆಗುತ್ತೇನೆ ಅನ್ನುವ ಭಯ. ಕೊನೆಯದು ಹುಡುಗಿಯರಲ್ಲಿ ಜಾಸ್ತಿ. ಅದನ್ನು ಡಾಕ್ಟರೇ ನೇರವಾಗಿ ಅವಳಿಗೆ ಬಿಡಿಸಿ ಹೇಳಲಿ, ನೀವು ಹೊರಗೆ ಕೂತಿರಿ.

ನೆದರ್ಲೆಂಡ್ಸ್‌ನಲ್ಲಿ 12ರಿಂದ 18ರವರಿಗೆ ಔಷಧ ಅಂಗಡಿಗಳ ಮೂಲಕ ಆ್ಯಪ್ ಕೊಟ್ಟು ನೋಡಿದ್ದಾರೆ. ರಿಮೈಂಡರ್, ಚಿಕ್ಕ ವಿಡಿಯೊಗಳು, ಫಾರ್ಮಾಸಿಸ್ಟ್ ಜತೆ ಚಾಟ್, ಓರಗೆಯವರ ಜತೆ ಚಾಟ್ ಎಲ್ಲ ಇತ್ತು. ಮೊದಲಿನಿಂದ ಔಷಧ ಬಿಡುತ್ತಿದ್ದವರಲ್ಲಿ ಸುಧಾರಣೆ ಕಂಡಿತು. ಹಾಗಾಗಿ ನಿಮ್ಮ ಮಗಳಿಗೆ ಇದು ಉಪಯೋಗಕ್ಕೆ ಬಂದರೂ ಬರಬಹುದು. ಆದರೆ ಅಲ್ಲಿ ಆ್ಯಪ್‌ನ ಆ ತುದಿಯಲ್ಲಿ ಒಬ್ಬ ಫಾರ್ಮಾಸಿಸ್ಟ್ ಇದ್ದರು ಅನ್ನುವುದನ್ನು ಮರೆಯಬೇಡಿ.

"ನಾನು ಪಿಯುಸಿ ಓದ್ತಿದೀನಿ. ಆ್ಯಪ್ ಹಾಕಿದ್ರೆ ಅಮ್ಮಂಗೆ ಎಲ್ಲಾ ಗೊತ್ತಾಗುತ್ತೆ. ಅದಕ್ಕೇ ಹಾಕಲ್ಲ"

ಸರಿಯಾದ ಮಾತು. ಹಾಗಾದರೆ ಅಮ್ಮನ ಜತೆ ಕರಾರು ಮಾಡಿಕೋ. ಆ್ಯಪ್ ನಿನ್ನ ಫೋನಿನಲ್ಲಿ, ಪಾಸ್‌ವರ್ಡ್ ನಿನ್ನದು. ಅಮ್ಮನಿಗೆ ಹೇಳಬೇಕಾದ್ದು ಎರಡೇ: ರಾತ್ರಿ ಎದ್ದರೆ, ಮತ್ತು ವಾರದಲ್ಲಿ ನೀಲಿ ಇನ್‌ಹೇಲರ್ ಎರಡು ಸಲ ದಾಟಿದರೆ. ಉಳಿದದ್ದು ನಿನಗೂ ಡಾಕ್ಟರಿಗೂ ಬಿಟ್ಟದ್ದು. ಸಿಗರೇಟೋ ವೇಪೋ ಮುಟ್ಟಿದ್ದರೆ ಅದನ್ನೂ ಡಾಕ್ಟರಿಗೆ ಹೇಳು. ಸುಳ್ಳು ಟಿಕ್ ಹಾಕುವುದಕ್ಕಿಂತ ಖಾಲಿ ಬಿಡು, ಖಾಲಿ ನೋಡಿದರೆ ಬಿಟ್ಟಿದ್ದೀಯ ಅಂತ ಡಾಕ್ಟರಿಗೆ ಗೊತ್ತಾಗುತ್ತದೆ. ಸುಳ್ಳು ಟಿಕ್ ನೋಡಿದರೆ ಔಷಧ ಕೆಲಸ ಮಾಡುತ್ತಿಲ್ಲ ಅಂದುಕೊಂಡು ಡೋಸ್ ಏರಿಸುತ್ತಾರೆ.

"ಹಾಸ್ಟೆಲ್‌ನಲ್ಲಿ ಫೋನ್ ಬಿಡಲ್ಲ"

ವಸತಿ ಶಾಲೆಗಳಲ್ಲಿ ಹೀಗೇ. ಇನ್‌ಹೇಲರ್ ಚೀಲದಲ್ಲಿ ಒಂದು ಕಾರ್ಡ್ ಮತ್ತು ಪೆನ್ಸಿಲ್ ಇಡಿ, ನೀಲಿ ತಗೊಂಡಾಗ ತಾರೀಕಿನ ಮುಂದೆ ಗೆರೆ. ಭಾನುವಾರದ ಫೋನಿನಲ್ಲಿ "ಎಷ್ಟು ಗೆರೆ?" ಅಂತ ಕೇಳಿ ನಿಮ್ಮ ಆ್ಯಪ್‌ಗೆ ಹಾಕಿಕೊಳ್ಳಿ. ನೀಲಿ ಇನ್‌ಹೇಲರ್ ವಾರ್ಡನ್ ಬೀರುವಿನಲ್ಲಿ ಇರಬಾರದು, ಮಗುವಿನ ಕೈಗೆ ಸಿಗುವಲ್ಲಿ ಇರಬೇಕು. ಡಾಕ್ಟರ ಚೀಟಿಯ ಜತೆ ಹೋಗಿ ಮಾತಾಡಿ ಬನ್ನಿ.

## ಇನ್ನೂ ಸ್ವಲ್ಪ ಆಳಕ್ಕೆ

"ಇನ್‌ಹೇಲರ್‌ಗೆ ಸಿಕ್ಕಿಸೋ ಸೆನ್ಸರ್ ಬರುತ್ತಂತೆ. ಅಮೆರಿಕದಿಂದ ತರಿಸಲಾ?"

ಅವಸರ ಬೇಡ. ಪ್ರೊಪೆಲ್ಲರ್, ಹೇಲಿ ಮುಂತಾದ ಸೆನ್ಸರ್‌ಗಳು ಇನ್‌ಹೇಲರ್‌ಗೆ ಅಂಟಿಕೊಂಡು ಪ್ರತಿ ಪಫ್ಫನ್ನೂ ಹೊತ್ತಿನ ಸಮೇತ ಫೋನಿಗೆ ಕಳಿಸುತ್ತವೆ. ಇಂಥವು ಕೆಲಸ ಮಾಡುತ್ತವೆ ಅನ್ನುವುದಕ್ಕೆ ಪುರಾವೆ ಇದೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2022ರ ಸಮೀಕ್ಷೆಯ ಪ್ರಕಾರ ಎಣಿಸುವ ಸಾಧನಗಳಿಂದ ಔಷಧ ತಗೊಳ್ಳುವುದು ಸುಮಾರು 23 ಶೇಕಡಾಂಶ ಏರಿತ್ತು. ಆದರೆ ಬರೀ ಎಸ್ಸೆಮ್ಮೆಸ್‌ನಿಂದಲೂ ಸುಮಾರು 12 ಏರಿತ್ತು, ಅದು ಹೆಚ್ಚುಕಮ್ಮಿ ಪುಕ್ಕಟೆ.

ತರಿಸುವ ಮುಂಚೆ ಒಂದು ವಿಷಯ ನೋಡಿ. ಸೆನ್ಸರ್ ಇನ್‌ಹೇಲರ್‌ನ ಆಕಾರಕ್ಕೆ ತಕ್ಕಂತೆ ಮಾಡಿದ್ದು. ಅಲ್ಲಿಯ ಇನ್‌ಹೇಲರ್‌ಗೆ ಕೂರುವುದು ಇಲ್ಲಿಯದಕ್ಕೆ ಕೂರಬೇಕೆಂದಿಲ್ಲ. ಕಂಪನಿ ಕೈಬಿಟ್ಟರೂ ಕಷ್ಟ. ಟೆವಾ ಕಂಪನಿಯ ಡಿಜಿಹೇಲರ್‌ಗೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತ್ತು, 2024ರಲ್ಲಿ ಮಾರಾಟವೇ ನಿಂತಿತು. ಇನ್ನೂ ಒಂದು, ಸೆನ್ಸರ್ ಎಣಿಸುವುದು ಒತ್ತಿದ್ದನ್ನು. ಗಾಳಿಗೆ ಒತ್ತಿದ್ದೂ ಅದಕ್ಕೆ ಪಫ್ಫೇ. ಆ ದುಡ್ಡಿನಲ್ಲಿ ಒಳ್ಳೆಯ ಸ್ಪೇಸರ್ ತಗೊಳ್ಳಿ, ಮಗು ಇನ್‌ಹೇಲರ್ ತಗೊಳ್ಳುವುದನ್ನು ವಿಡಿಯೊ ಮಾಡಿ ಡಾಕ್ಟರಿಗೆ ತೋರಿಸಿ. ಡಬ್ಬಿ ಅಲುಗಾಡಿಸದೇ ಇರುವುದು, ಎರಡು ಪಫ್ ಒಟ್ಟಿಗೇ ಒತ್ತುವುದು, ಮಾಸ್ಕ್ ಕೆನ್ನೆಗೆ ಸರಿಯಾಗಿ ಕೂರದೆ ಇರುವುದು ಆ ವಿಡಿಯೊದಲ್ಲಿ ಸಿಕ್ಕಿಬೀಳುತ್ತವೆ.

"ನಮ್ಮ ಹುಡುಗನಿಗೆ ಒಂದೇ ಇನ್‌ಹೇಲರ್. ಆ್ಯಪ್ ಎರಡು ಕೇಳುತ್ತೆ"

ಬುಡೆಸೊನೈಡ್ (ಪ್ರಿವೆಂಟರ್ ಸ್ಟೀರಾಯ್ಡ್) ಮತ್ತು ಫಾರ್ಮೊಟೆರಾಲ್ (ಉಸಿರ್ನಾಳ ಸಡಿಲಿಸುವ ಔಷಧ) ಕೂಡಿದ ಇನ್‌ಹೇಲರನ್ನು ದಿನಾ ತಗೊಳ್ಳಲೂ, ಉಬ್ಬಸ ಬಂದಾಗ ಹೆಚ್ಚುವರಿಯಾಗಿ ತಗೊಳ್ಳಲೂ ಕೆಲವರಿಗೆ ಬರೆಯುತ್ತಾರೆ. 12 ವರ್ಷ ದಾಟಿದವರು ಬರೀ ನೀಲಿ ಇನ್‌ಹೇಲರ್ ನೆಚ್ಚಿಕೊಳ್ಳಬಾರದು ಅಂತ ಜಿನಾ 2019ರಲ್ಲಿ ಹೇಳಿದ ಮೇಲೆ ಈ ಪದ್ಧತಿ ಹೆಚ್ಚಾಗಿದೆ. ಹಳೆಯ ಆ್ಯಪ್‌ಗಳು ಇದಕ್ಕೆ ಮಾಡಿದ್ದಲ್ಲ. ಒಂದೇ ಇನ್‌ಹೇಲರನ್ನು ಎರಡು ಹೆಸರಲ್ಲಿ ಸೇರಿಸಿ: "ದಿನದ್ದು", "ಬೇಕಾದಾಗ". ಎರಡನೆಯದರ ಲೆಕ್ಕವೇ ಡಾಕ್ಟರಿಗೆ ಬೇಕಾದ್ದು. ದಿನಕ್ಕೆ ಒಟ್ಟು ಇಷ್ಟೇ ಪಫ್ ಅಂತ ಮಿತಿ ಇರುತ್ತದೆ, ಕೇಳಿಕೊಂಡು ಆ್ಯಪ್‌ನ ಟಿಪ್ಪಣಿಯಲ್ಲಿ ಬರೆದಿಡಿ. ಕಂಡ ಕಂಡ ಕಾಂಬಿನೇಶನ್ ಇನ್‌ಹೇಲರನ್ನೆಲ್ಲ ಹೀಗೆ ಬಳಸುವ ಹಾಗಿಲ್ಲ.

"ಹಳದಿ ಬಂದಾಗ ಡೋಸ್ ಜಾಸ್ತಿ ಮಾಡಿ ಅನ್ನುತ್ತೆ. ಮಾಡಬಹುದಾ?"

ಹಾಗೆ ಹೇಳಿದ್ದು ನಿಮ್ಮ ಡಾಕ್ಟರಾ, ಆ್ಯಪ್‌ನದೇ ಬುದ್ಧಿಯಾ ಅಂತ ನೋಡಿ. ಹಸಿರು, ಹಳದಿ, ಕೆಂಪಿಗೆ ಏನು ಮಾಡಬೇಕು ಅಂತ ಡಾಕ್ಟರು ಬರೆದುಕೊಟ್ಟ ಯೋಜನೆಯನ್ನು ನೀವು ಆ್ಯಪ್‌ಗೆ ಹಾಕಿದ್ದರೆ ಅದನ್ನು ಪಾಲಿಸಿ, ಅದಕ್ಕಾಗೇ ಅದು ಇರುವುದು. ಆ್ಯಪ್ ತಾನಾಗಿ ಹೇಳಿದ್ದರೆ ಫೋನ್ ಮಾಡಿ ಕೇಳಿ. ರೋಗ ಪತ್ತೆಗೆ, ಚಿಕಿತ್ಸೆಗೆ ಅಂತ ಮಾಡಿದ ಸಾಫ್ಟ್‌ವೇರ್ ನಮ್ಮ ದೇಶದಲ್ಲಿ 2020ರ ಏಪ್ರಿಲ್‌ನಿಂದ ವೈದ್ಯಕೀಯ ಸಾಧನಗಳ ಲೆಕ್ಕಕ್ಕೆ ಬಂದಿದೆ. ಬರೀ ಡೈರಿ ಆ್ಯಪ್‌ಗೆ ಅಂಥ ತಪಾಸಣೆ ಆಗಿರುವುದಿಲ್ಲ. ಚಿಕ್ಕ ಊರಿನಲ್ಲಿದ್ದು ಡಾಕ್ಟರು ಸಿಗದಿದ್ದರೆ ಫೋನಿನಲ್ಲೇ ಡಾಕ್ಟರನ್ನು ಕಾಣುವ ಸರ್ಕಾರದ ಇ-ಸಂಜೀವನಿಯಲ್ಲಿ ಮಾತಾಡಬಹುದು, ದಾಖಲೆ ಕೈಯಲ್ಲಿದ್ದರೆ ಆ ಮಾತುಕತೆ ಬೇಗ ಮುಗಿಯುತ್ತದೆ.

ಔಷಧದ ಮಾತು ಬಂದದ್ದಕ್ಕೆ ಇನ್ನೊಂದು: ಅಸ್ತಮಾಕ್ಕೆ ಕೊಡುವ ಮಾಂಟೆಲುಕಾಸ್ಟ್ ಮಾತ್ರೆ ತಗೊಳ್ಳುವ ಮಕ್ಕಳಲ್ಲಿ ನಿದ್ದೆ, ಕೆಟ್ಟ ಕನಸು, ಸಿಡುಕು, ಮಂಕುತನವನ್ನೂ ಒಂದು ಸಾಲು ಬರೆಯಿರಿ. ಇದರ ಮಾನಸಿಕ ಅಡ್ಡಪರಿಣಾಮದ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ತನ್ನ ಅತಿ ಗಟ್ಟಿ ಎಚ್ಚರಿಕೆ ಹಾಕಿದೆ. ಮಾತ್ರೆ ಶುರುವಾದ ತಾರೀಕು ಬರೆದಿದ್ದರೆ ನಂಟು ಇದೆಯಾ ಅಂತ ನೋಡುವುದು ಸುಲಭ. ಹೀಗೇನಾದರೂ ಕಂಡರೆ ಮುಂದಿನ ಭೇಟಿವರೆಗೆ ಕಾಯದೆ ಡಾಕ್ಟರಿಗೆ ತಿಳಿಸಿ.

"ಮಗೂ ಮಾಹಿತಿ ಎಲ್ಲ ಯಾರ ಕೈಗೆ ಹೋಗುತ್ತೋ?"

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರು ಮಕ್ಕಳು, ಅವರ ಮಾಹಿತಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ, ಜಾರಿ ಹಂತ ಹಂತವಾಗಿ. ಅಲ್ಲಿಯವರೆಗೆ ನಿಮ್ಮ ಎಚ್ಚರ ನಿಮ್ಮದು. ಮಗುವಿನ ಪೂರ್ತಿ ಹೆಸರು, ಶಾಲೆ ಹೆಸರು ಹಾಕಬೇಡಿ, ಅಡ್ಡಹೆಸರು ಸಾಕು. ಡೈರಿ ಆ್ಯಪ್ ಕಾಂಟ್ಯಾಕ್ಟ್ಸ್ ಕೇಳಿದರೆ ಕೊಡಬೇಡಿ. ಗಾಳಿಯ ಲೆಕ್ಕಕ್ಕೆ ಲೊಕೇಶನ್ ಕೇಳಿದರೆ "ಬಳಸುವಾಗ ಮಾತ್ರ" ಅಂತ ಒತ್ತಿ. ಮಗು ಏದುಸಿರು ಬಿಡುವ ವಿಡಿಯೊ ಬಂಧುಗಳ ಗ್ರೂಪಿಗೆ ಹೋಗಬಾರದು. ದೊಡ್ಡವನಾದ ಮೇಲೆ ಅದು ಎಲ್ಲೆಲ್ಲೋ ಸಿಕ್ಕರೆ ಅವನಿಗೆ ಇಷ್ಟವಾಗುವುದಿಲ್ಲ.

"ಇಷ್ಟೆಲ್ಲ ಬರ್ಕೊಂಡು ಹೋದ್ರೆ ಡಾಕ್ಟ್ರು ಫೋನೇ ನೋಡಲ್ಲ"

ಹೊರಗೆ ಮೂವತ್ತು ಜನ ಕಾಯುತ್ತಿರುವಾಗ ಯಾರೂ ನಿಮ್ಮ ಫೋನಿನಲ್ಲಿ ತೊಂಬತ್ತು ದಿನ ಸರಿಸುತ್ತಾ ಕೂರುವುದಿಲ್ಲ. ಹಿಂದಿನ ದಿನವೇ ಕೂತು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: "ಕಳೆದ ಸಲ ಬಂದ ಮೇಲೆ ರಾತ್ರಿ ಎದ್ದದ್ದು 5 ಸಲ. ನೀಲಿ 14 ದಿನ. ಶಾಲೆ ತಪ್ಪಿದ್ದು 3 ದಿನ. ಪ್ರಿವೆಂಟರ್ ವಾರಕ್ಕೆ ಒಂದೆರಡು ಸಲ ತಪ್ಪಿದೆ." ಕೂತ ಕೂಡಲೇ ಇದನ್ನು ಓದಿ, ಬೇರೆ ಮಾತು ಆಮೇಲೆ. ಗ್ರಾಫ್ ಇದ್ದರೆ ಒಂದೇ ಸ್ಕ್ರೀನ್‌ಶಾಟ್ ಸಾಕು.

ಆಮೇಲೆ ನೀವು ಒಂದು ಪ್ರಶ್ನೆ ಕೇಳಿ: ಮುಂದಿನ ಸಲದವರೆಗೆ ಏನನ್ನು ಬರೆಯಲಿ? ಕೆಲವರು ನೀಲಿ ಮಾತ್ರ ಸಾಕು ಅನ್ನುತ್ತಾರೆ, ಕೆಲವರು ಎರಡು ವಾರ ಪೀಕ್ ಫ್ಲೋ ಕೇಳುತ್ತಾರೆ. ಎರಡು ಮೂರು ಭೇಟಿ ಎಲ್ಲ ಚೆನ್ನಾಗಿದ್ದರೆ ದಿನಾ ಬರೆಯುವುದನ್ನು ನಿಲ್ಲಿಸಿ, ನೆಗಡಿ ಬಂದ ವಾರ ಮತ್ತು ಔಷಧ ಬದಲಿಸಿದ ತಿಂಗಳು ಮಾತ್ರ ಬರೆಯಿರಿ ಅನ್ನಲೂಬಹುದು. ರಿಮೈಂಡರ್ ಮಾತ್ರ ಆರಿಸಬೇಡಿ.